ಫೈಲಮ್ಮನ ಕುರ್ಚಿಯ ಹುಳ

ಬಾಯಿ ತೆರೆಯದೆ ಸುಳ್ಳು ಹೇಳಿದರೆ ಅದು ಸುಳ್ಳು ಅನ್ನಿಸಿಕೊಳ್ಳುತ್ತದೋ ಇಲ್ಲವೋ? ಈ ಪ್ರಶ್ನೆಯನ್ನು ಅವಳು ದಿನಚರಿಯಲ್ಲಿ ಬರೆದು, ಅಡಿಗೆರೆ ಎಳೆದು, ಉತ್ತರಕ್ಕೆಂದು ಅರ್ಧ ಪುಟ ಖಾಲಿ ಬಿಟ್ಟಿದ್ದಳು. ಮೂರು ತಿಂಗಳು ಕಳೆದರೂ ಆ ಅರ್ಧ ಪುಟ ಖಾಲಿಯಾಗಿಯೇ ಇತ್ತು. ಮಿಕ್ಕ ಪುಟಗಳೆಲ್ಲ ಅಂಚಿನವರೆಗೂ ತುಂಬಿದ್ದವು. ಬಾಯಿಗೆ ಬಾರದ್ದೆಲ್ಲ ಅವಳ ಪೆನ್ನಿಗೆ ಬರುತ್ತಿತ್ತು.

ಮಾತಿನ ವಿಷಯದಲ್ಲಿ ಅವಳು ಹುಟ್ಟಾ ಜಿಪುಣಿ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ಹೇಳುತ್ತಿದ್ದ ‘ಎಸ್ ಸಾರ್’ ಪಕ್ಕದವಳಿಗೂ ಕೇಳಿಸದೆ, ಹಾಜರಿ ಸಾಲದು ಎಂದು ಪರೀಕ್ಷೆಗೆ ಕೂರುವುದೇ ಕಷ್ಟವಾಗಿತ್ತು. ಹೇಗೋ ಪದವಿ ಮುಗಿಯಿತು. “ನಾಲ್ಕು ಜನರ ಮಧ್ಯೆ ಓಡಾಡಿದ್ರೆ ತಾನಾಗೇ ಬಾಯಿ ಬಿಡ್ತಾಳೆ” ಎಂದು ಅಮ್ಮ ಅವಳನ್ನು ತನ್ನ ತಮ್ಮನ ಬಳಿ ಕೆಲಸಕ್ಕೆ ಕಳಿಸಿದಳು. ಪಾಪ, ಅಮ್ಮನಿಗೆ ತಮ್ಮನ ಕಸುಬು ಅರ್ಧವಷ್ಟೇ ಗೊತ್ತಿತ್ತು. ಲೋಕದಲ್ಲಿರುವ ಸಾವಿರ ಕಸುಬುಗಳ ನಡುವೆ, ಬಾಯಿ ಬಿಡಬಾರದು ಎಂಬುದೇ ಮೊದಲ ನಿಯಮವಾಗಿದ್ದ ಕಸುಬನ್ನೇ ಹುಡುಕಿ ಹುಡುಕಿ ಮಗಳಿಗೆ ಕೊಡಿಸಿದ್ದಳು.

ಮಾವ ಒಂದು ಕಾಲಕ್ಕೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ರೇಡಿಯೋಗಳು ಮೂಲೆಗೆ ಸೇರಿದ ಮೇಲೆ, ಜನ ಒಬ್ಬರ ಮಾತನ್ನೊಬ್ಬರು ಕದ್ದು ಕೇಳುವ ಚಟಕ್ಕೆ ಬಿದ್ದದ್ದನ್ನು ಗಮನಿಸಿ, ಅದಕ್ಕೆ ಮದ್ದು ಅರೆಯಲು ಕೂತರು. ವಕೀಲರ ಕಚೇರಿ, ಕಾರ್ಖಾನೆಯ ಮೀಟಿಂಗ್ ಕೋಣೆ, ಗುಟ್ಟಿನ ಕಾಗದಪತ್ರ ಇಡುವ ಯಾವ ಜಾಗವಾದರೂ ಸರಿ, ರಜೆಯ ದಿನ ಹೋಗಿ, ಎಲ್ಲಾದರೂ ಮೈಕು, ಕ್ಯಾಮೆರಾ, ಕದ್ದು ಕೇಳುವ ಯಂತ್ರ ಅಡಗಿದೆಯೇ ಎಂದು ಅಂಗುಲ ಅಂಗುಲ ಜಾಲಾಡುವುದು ಅವರ ಕೆಲಸ. ಅಂಥ ಯಂತ್ರಗಳಿಗೆಲ್ಲ ಮಾವನ ಬಾಯಲ್ಲಿ ಒಂದೇ ಹೆಸರು: ಹುಳ. “ನಾವು ಬಂದುಹೋದ ಮೇಲೆ ಕೋಣೆಯಲ್ಲಿ ನಿಮ್ಮ ವಸ್ತುಗಳಷ್ಟೇ ಉಳಿಯುತ್ತವೆ” ಎಂದು ಅವರ ಕಾರ್ಡಿನ ಮೇಲೆ ಅಚ್ಚಾಗಿತ್ತು.

“ಊರವರ ಗೋಡೆಯ ಹುಳ ಕಾಣುತ್ತಂತೆ, ಬೇಳೆಯಲ್ಲಿರೋ ಹುಳ ಕಾಣಲ್ಲ ಇವರಿಗೆ” ಎಂದು ಅತ್ತೆ ಮೊರ ಹಿಡಿದು ಕೂತಾಗಲೆಲ್ಲ ಛೇಡಿಸುತ್ತಿದ್ದರು.

“ಬೇಳೆ ಹುಳಕ್ಕೆ ಸರ್ಕ್ಯೂಟ್ ಇರಲ್ಲ ಕಣೇ, ನನ್ನ ಕೋಲಿಗೆ ಅದು ಸಿಗಲ್ಲ.”

“ಸರ್ಕ್ಯೂಟ್ ಇಲ್ಲದ ಹುಳ ನಿಮ್ಮ ತಲೇಲೂ ಇದೆ. ಅದನ್ನ ನಾನು ದಿನಾ ನೋಡ್ತಾ ಇದೀನಿ.”

ಮಾವ ಹೇಳುತ್ತಿದ್ದ ಆ ಕೋಲು ನೋಡುವುದಕ್ಕೆ ನೆಲ ಒರೆಸುವ ಕೋಲಿನಂತೆಯೇ ಇತ್ತು. ಉದ್ದನೆಯ ಹಿಡಿ, ತುದಿಯಲ್ಲಿ ತಟ್ಟೆಯಂಥ ತಲೆ. ಯಂತ್ರ ಸತ್ತಿರಲಿ ಬದುಕಿರಲಿ, ಅದರೊಳಗೆ ಸರ್ಕ್ಯೂಟ್ ಇದ್ದರೆ ಸಾಕು, ಈ ಕೋಲು ಹತ್ತಿರ ಬಂದಾಗ ಕಿವಿಯ ಹೆಡ್‌ಫೋನಿನಲ್ಲಿ ಕೀಚ್ ಅನ್ನುತ್ತಿತ್ತು. ಅದಕ್ಕೊಂದು ದೌರ್ಬಲ್ಯವೂ ಇತ್ತು. ತುಕ್ಕು ಹಿಡಿದ ಮೊಳೆ ಕಂಡರೂ ಅದು ಹಾಗೇ ಕೀಚ್ ಅನ್ನುತ್ತಿತ್ತು. ಹುಳವೋ ತುಕ್ಕೋ ತಿಳಿಯಬೇಕಾದರೆ ರಬ್ಬರ್ ಸುತ್ತಿಗೆಯಿಂದ ಆ ಜಾಗಕ್ಕೆ ಜೋರಾಗಿ ಒಂದು ಏಟು ಹಾಕಬೇಕು. ತುಕ್ಕಾದರೆ ಸದ್ದು ಅಳ್ಳಾಡುತ್ತದೆ, ಹುಳವಾದರೆ ಒಂದೇ ಸಮ ಇರುತ್ತದೆ.

ಕೆಲಸ ನಡೆಯುವಷ್ಟು ಹೊತ್ತು ಯಾರೂ ತುಟಿ ಪಿಟಕ್ಕೆನ್ನಬಾರದು. ಹುಳ ಇದ್ದರೆ ಅದು ಕೇಳಿಸಿಕೊಳ್ಳುತ್ತದೆ, ಅದರ ಯಜಮಾನ ಎಚ್ಚರಗೊಳ್ಳುತ್ತಾನೆ. ಹೇಳುವುದೇನಿದ್ದರೂ ಚೀಟಿಯಲ್ಲಿ ಬರೆದು ತೋರಿಸಬೇಕು. ಕೆಲಸ ಮುಗಿಯುವ ಮೊದಲು ಅಷ್ಟೂ ಚೀಟಿಗಳನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿ ಕಿವುಚಬೇಕು. ಅವಳಿಗೆ ಇದು ಸ್ವರ್ಗ. ಅವಳ ಚೀಟಿಗಳು ಮುತ್ತಿನಂಥ ಅಕ್ಷರದಲ್ಲಿ, ಅಲ್ಪವಿರಾಮ ಪೂರ್ಣವಿರಾಮ ಸಮೇತ ಇರುತ್ತಿದ್ದವು. ಮಾವ ಅವಳಿಗೆ ‘ಮಾತಿನಮಲ್ಲಿ’ ಎಂದು ಹೆಸರಿಟ್ಟದ್ದು ಆಗಲೇ.

ಇನ್ನೊಂದು ಪದ್ಧತಿ ಮಾವನ ಸ್ವಂತದ್ದು. ಅವರ ಬಳಿ ಗುಳಿಗೆ ಡಬ್ಬಿಯೊಂದರಲ್ಲಿ ಐದು ಸತ್ತ ಹುಳಗಳಿದ್ದವು. ಅಂಗಿಯ ಗುಂಡಿಯಷ್ಟು ಸಣ್ಣವು, ಬ್ಯಾಟರಿ ಇಲ್ಲದವು, ತಾವೇ ಕೈಯಾರೆ ಬೆಸುಗೆ ಹಾಕಿ ಮಾಡಿದವು. ಜಾಲಾಡುವ ಮೊದಲು ತಾವೊಬ್ಬರೇ ಕೋಣೆಗೆ ಹೋಗಿ ಅದರಲ್ಲೊಂದನ್ನು ಎಲ್ಲಾದರೂ ಅಡಗಿಸಿ ಬರುವರು. ಹುಡುಕುವವಳು ಅದನ್ನು ಪತ್ತೆಮಾಡಿ ಅವರ ಅಂಗೈಗೆ ಹಾಕಬೇಕು. ಹಾಕಿದರೆ ಕೋಣೆಯನ್ನು ನಿಜವಾಗಿ ಜಾಲಾಡಿದ್ದಾಳೆ ಎಂದರ್ಥ. ಹುಳ ಡಬ್ಬಿಗೆ ಮರಳಿದರೆ ಸಾಕು, ಅದನ್ನು ಎಲ್ಲಿಟ್ಟಿದ್ದೆ ಎನ್ನುವುದನ್ನು ಅವರು ಅಲ್ಲೇ ಮರೆತುಬಿಡುವರು. “ಇಲ್ಲದೇ ಇರೋದನ್ನ ಹುಡುಕೋವಾಗ ಕಣ್ಣು ನಿದ್ದೆ ಹೋಗುತ್ತೆ. ಒಂದಾದ್ರೂ ಇದೆ ಅಂತ ಗೊತ್ತಿದ್ರೆ ಎದ್ದಿರುತ್ತೆ” ಎನ್ನುವುದು ಅವರ ತರ್ಕ.

ಅವಳ ಬಾಯಿಲ್ಲದ ಸುಳ್ಳು ಹುಟ್ಟಿದ್ದು ಈ ಪದ್ಧತಿಯಿಂದಲೇ.

ಮೂರು ತಿಂಗಳ ಹಿಂದೆ ಅವರು ಹೋದದ್ದು ಒಬ್ಬ ದೊಡ್ಡ ವಕೀಲರ ಕಚೇರಿಗೆ. ಅಲ್ಲಿನ ಒಳಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಕಕ್ಷಿದಾರರ ಫೈಲುಗಳು. ಆ ಕೋಣೆಯ ಕೀಲಿ ಇಪ್ಪತ್ತೆರಡು ವರ್ಷದಿಂದ ಒಬ್ಬರ ಸೊಂಟದಲ್ಲೇ ಇತ್ತು. ಎಲ್ಲರೂ ಅವರನ್ನು ಫೈಲಮ್ಮ ಎನ್ನುತ್ತಿದ್ದರು. ದಪ್ಪ ಕನ್ನಡಕ, ಗಟ್ಟಿ ದನಿ, ಬೆರಳಿಗೆ ಸದಾ ಹಾಳೆ ತಿರುವುವ ರಬ್ಬರ್ ಟೋಪಿ. ಮೂವರು ವಕೀಲರು ಬದಲಾದರೂ ಒಂದು ಹಾಳೆ ಕಳೆದುಹೋಗಿರಲಿಲ್ಲ ಎನ್ನುವುದು ಅವರ ಹೆಮ್ಮೆ. ಬೀಗ ತೆಗೆದು ಹೊರಗಿನ ಬೆಂಚಿನ ಮೇಲೆ ಕೂತ ಅವರು ಕೋಲು ಹಿಡಿದ ಹುಡುಗಿಯನ್ನು ನೋಡಿ ಕೇಳಿದ್ದರು:

“ನೆಲ ಒರೆಸೋಕೆ ಬಂದ್ಯೇನಮ್ಮ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಹೆಸರೇನು?”

ಅವಳು ನಕ್ಕಳು.

“ಸರಿ ಹೋಯ್ತು. ಈ ಕಚೇರಿಯ ಎಲ್ಲಾ ಬೀಗಕ್ಕೂ ನನ್ನ ಹತ್ರ ಕೀಲಿ ಇದೆ. ನಿನ್ನ ಬಾಯಿಗೆ ಬೀಗ ಹಾಕಿದೋರು ಮಾತ್ರ ಕೀಲಿ ಕೊಟ್ಟು ಹೋಗಿಲ್ಲ ನೋಡು” ಎಂದು ಜೋರಾಗಿ ನಕ್ಕು, ಯಾಕೆ ಮಾತಾಡಲ್ಲ ಎಂದು ಕೇಳದೆ, ಕೆಲಸ ಶುರುವಾಗುವ ತನಕ ತಮ್ಮ ಪಾಡಿಗೆ ತಾವೇ ಒಂದು ಗಂಟೆ ಮಾತಾಡಿದ್ದರು. ಮಾತಾಡದವರನ್ನು ಮಾತಾಡದಿರಲು ಬಿಡುವವರು ಸಿಗುವುದು ಅಪರೂಪ. ಅವಳು ಆ ದಿನ ದಿನಚರಿಯಲ್ಲಿ ಅವರಿಗೆ ಒಂದೂವರೆ ಪುಟ ಕೊಟ್ಟಿದ್ದಳು.

ಆದರೆ ಆ ದಿನ ಅವಳಿಗೆ ಹುಳ ಸಿಗಲಿಲ್ಲ. ಕಪಾಟು, ಕಿಟಕಿ, ಸ್ವಿಚ್ಚು, ಮೇಜಿನ ಅಡಿ, ಎಲ್ಲ ಆಯಿತು. ಫೈಲಮ್ಮನ ಹಳೆಯ ಕಬ್ಬಿಣದ ಕುರ್ಚಿಯ ಬಳಿ ಕೀಚ್ ಅಂದಿತ್ತು ನಿಜ. ಆ ಕುರ್ಚಿಯ ಮೈಯೆಲ್ಲ ತುಕ್ಕು. ಸುತ್ತಿಗೆಯಿಂದ ಜೋರಾಗಿ ಹೊಡೆದು ನೋಡಬೇಕಿತ್ತು. ಅಷ್ಟು ಸದ್ದು ಮಾಡಲು ಅವಳಿಗೆ ಸಂಕೋಚ. ಮಲಗಿದವರನ್ನು ಎಬ್ಬಿಸುವಂತೆ ಮೆಲ್ಲಗೆ ಒಮ್ಮೆ ಮುಟ್ಟಿ, ತುಕ್ಕೇ ಇರಬೇಕು ಎಂದುಕೊಂಡು ಮುಂದೆ ಹೋದಳು. ಹೊತ್ತು ಮೀರಿತು. ಮಾವ ಗಡಿಯಾರ ನೋಡಿ, ಹುಬ್ಬು ಹಾರಿಸಿ, ಅಂಗೈ ಚಾಚಿದರು.

ಅವಳ ಜೇಬಿನಲ್ಲಿ, ಬೆಸುಗೆ ಕಲಿಯಬೇಕೆಂಬ ಆಸೆಯಿಂದ ಮಾವನಿಗೆ ತಿಳಿಯದಂತೆ ತಾನೇ ಮಾಡಿದ ಒಂದು ಹುಳವಿತ್ತು. ಒಳ್ಳೆಯ ಹೊತ್ತು ನೋಡಿ ತೋರಿಸಿ ಭೇಷ್ ಅನ್ನಿಸಿಕೊಳ್ಳೋಣ ಎಂದು ವಾರದಿಂದ ಹೊತ್ತು ತಿರುಗುತ್ತಿದ್ದಳು. ಸಿಗಲಿಲ್ಲ ಎಂದು ಚೀಟಿ ಬರೆಯುವ ಮೊದಲೇ ಕೈ ಜೇಬಿಗೆ ಹೋಯಿತು, ಜೇಬಿನಿಂದ ಮಾವನ ಅಂಗೈಗೆ ಬಂತು. ಮಾವ ಅದನ್ನು ನೋಡದೆ ಡಬ್ಬಿಗೆ ಹಾಕಿ, ಐದು ಎಂದು ಎಣಿಸಿ, ಅವಳ ಬೆನ್ನು ತಟ್ಟಿದರು. ಸುಳ್ಳು ಅಷ್ಟು ಸಣ್ಣದು, ಅಷ್ಟು ನಿಶ್ಶಬ್ದವಾದದ್ದು.

ಆಮೇಲೆ ಹೇಳೋಣ ಎಂದರೆ ಆಮೇಲೆ ಎಂಬುದು ಬರಲೇ ಇಲ್ಲ. ಮಾವ ಮಾತ್ರ ಆಗಾಗ ಡಬ್ಬಿಯಿಂದ ಅವಳ ಹುಳವನ್ನೆತ್ತಿ, “ಇದನ್ನ ನಾನು ಜ್ವರದಲ್ಲಿ ಮಾಡಿದ್ದೆನೋ ಏನೋ. ಬೆಸುಗೆ ನೋಡು, ಕಾಗೆ ಗೂಡಿದ್ದ ಹಾಗಿದೆ” ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವಳಿಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅಷ್ಟೇನೂ ಕೆಟ್ಟದಾಗಿರಲಿಲ್ಲ ಅದು.

ಇವತ್ತು ಬೆಳಿಗ್ಗೆ ಮಾವನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ವಕೀಲರ ದನಿ ಅಡುಗೆಮನೆಯವರೆಗೂ ಕೇಳಿಸಿತು.

“ಹುಳ ಸಿಕ್ಕಿದೆ ರೀ! ನಮ್ಮ ಫೈಲ್ ರೂಮಲ್ಲೇ! ಆ ಯಮ್ಮನ ಕುರ್ಚಿ ಕೆಳಗೇ ಇತ್ತು! ಕುರ್ಚಿ ರಿಪೇರಿಗೆ ಕೊಟ್ಟಿದ್ವಿ, ಅವನು ಬಿಚ್ಚಿ ತೆಗೆದು ತಂದುಕೊಟ್ಟ. ಅದಕ್ಕೇ ಎದುರು ಪಾರ್ಟಿಯವರಿಗೆ ನಮ್ಮ ವಾದವೆಲ್ಲ ಮೊದಲೇ ಗೊತ್ತಾಗ್ತಿತ್ತು! ಈಗಲೇ ಬನ್ನಿ! ಯಾರಿಗೂ ಹೇಳ್ಬೇಡಿ!”

ಮೆಲ್ಲಗೆ ಮುಟ್ಟಿ ಬಿಟ್ಟಿದ್ದ ಆ ಕುರ್ಚಿ ಅವಳಿಗೆ ನೆನಪಾಯಿತು. ಮಾವ ಡಬ್ಬಿ ತೆಗೆದು ಎಣಿಸಿದರು. ಐದು. “ನಮ್ಮವೆಲ್ಲ ನಮ್ಮಲ್ಲೇ ಇವೆ. ಅಂದ್ರೆ ನಾವು ಹೋಗಿ ಬಂದ ಮೇಲೆ ಯಾರೋ ಇಟ್ಟಿದ್ದಾರೆ” ಎಂದು ಅಂಗಿಯ ತೋಳು ಮಡಿಚಿದರು. ಹದಿನೈದು ವರ್ಷದಲ್ಲಿ ನಿಜವಾದ ಹುಳ ಸಿಕ್ಕದ್ದು ಎರಡೇ ಬಾರಿ. ಅವರ ಮುಖದಲ್ಲಿ ಮದುವೆ ಮನೆಗೆ ಹೊರಟವರ ಕಳೆ. ದಾರಿಯುದ್ದಕ್ಕೂ ಅವಳು “ಮಾವ” ಎಂದು ನಾಲ್ಕು ಸಲ ಬಾಯಿ ತೆರೆದಳು. ನಾಲ್ಕು ಸಲವೂ ಮಾವ “ಹೂಂ, ನನಗೂ ಹಾಗೇ ಅನಿಸ್ತಿದೆ, ದೊಡ್ಡ ಕೈಯೇ ಇರಬೇಕು” ಎಂದು ತಾವೇ ಮುಗಿಸಿದರು. ಮಾತಾಡದವಳ ಜೊತೆ ಇದ್ದೂ ಇದ್ದೂ ಅವಳ ಪಾಲಿನದನ್ನೂ ತಾವೇ ಆಡುವುದು ಅವರಿಗೆ ರೂಢಿಯಾಗಿತ್ತು.

ಕಟ್ಟಡದ ಕೆಳಗೆ ವ್ಯಾನಿನಿಂದ ಕೋಲು ಇಳಿಸುತ್ತಿರುವಾಗ ಔಷಧಿ ಅಂಗಡಿಯವನು ಕೌಂಟರಿನಿಂದಲೇ ಕತ್ತು ಚಾಚಿದ.

“ಸಾರ್, ಹುಳ ಸಿಕ್ತಂತಲ್ಲ ಮೇಲೆ?”

“ನಿಮಗ್ಯಾರು ಹೇಳಿದ್ರು?”

“ಯಾರು ಹೇಳಬೇಕು ಸಾರ್? ವಕೀಲ್ರು ಫೋನಲ್ಲಿ ಮಾತಾಡೋದು ಈ ಮೆಟ್ಟಿಲ ಮೇಲೇ. ಒಳಗೆ ಸಿಗ್ನಲ್ ಸಿಗಲ್ವಂತೆ. ಆ ಜಮೀನಿನ ಕೇಸಲ್ಲಿ ಮುಂದಿನ ವಾರ ಯಾವ ಸಾಕ್ಷೀನ ಕರೆಸ್ತಾರೆ ಅಂತ ನಮ್ಮ ಅಂಗಡಿಗೆ ಬರೋರಿಗೆಲ್ಲ ಗೊತ್ತು. ಅಂದ ಹಾಗೆ ಇಟ್ಟಿದ್ದು ಆ ಫೈಲಮ್ಮನೇ ಅಂತೆ? ಛೆ, ನಂಬೋಕಾಗಲ್ಲಪ್ಪ.”

ಮಾವ ಗಂಭೀರವಾಗಿ ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಎದುರು ಪಾರ್ಟಿಗೆ ಸುದ್ದಿ ಹೋದ ದಾರಿ ಯಾವುದೆಂದು ಅವಳಿಗೆ ಮೂರನೆಯ ಮೆಟ್ಟಿಲಿನಲ್ಲೇ ಗೊತ್ತಾಯಿತು. ಮಾವನಿಗೆ ಎರಡನೆಯ ಮಹಡಿ ತಲುಪಿದರೂ ಗೊತ್ತಾಗಲಿಲ್ಲ. ಅವರ ತಲೆಯ ತುಂಬ ಹುಳವೇ ಇತ್ತು.

ಮೇಲೆ ವಕೀಲರು, ಫೈಲಮ್ಮ ಇಬ್ಬರೂ ಕಾಯುತ್ತಿದ್ದರು. ವಕೀಲರು ಬಾಯಿ ತೆರೆಯುವಷ್ಟರಲ್ಲಿ ಮಾವ ತುಟಿಯ ಮೇಲೆ ಬೆರಳಿಟ್ಟು, ಮೊದಲೇ ಬರೆದಿಟ್ಟುಕೊಂಡಿದ್ದ ಚೀಟಿ ತೋರಿಸಿದರು: “ಒಂದು ಸಿಕ್ಕಿದರೆ ಇನ್ನೊಂದು ಇದೆ ಎಂದೇ ತಿಳಿಯಬೇಕು. ಕೆಲಸ ಮುಗಿಯುವ ತನಕ ಯಾರೂ ಮಾತಾಡಬಾರದು.” ವಕೀಲರ ಬಾಯಿ ಮೀನಿನ ಬಾಯಂತೆ ಎರಡು ಸಲ ಬಿಟ್ಟು ಮುಚ್ಚಿತು. ಮಾತೇ ಬಂಡವಾಳವಾದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವರು ಕಿಸೆಯಿಂದ ಪೆನ್ನು ಕಿತ್ತು ಬರೆಯತೊಡಗಿದರು. ಬರೆದದ್ದೂ ಕೂಗಿದ ಹಾಗೇ ಇತ್ತು, ಒಂದೊಂದು ಪದದ ಕೆಳಗೂ ಎರಡೆರಡು ಗೆರೆ.

ಲಕೋಟೆಯಿಂದ ಹುಳವನ್ನು ಬಿಳಿ ಹಾಳೆಯ ಮೇಲೆ ಸುರಿದರು. ಮಾವ ಭೂತಗನ್ನಡಿ ಹಿಡಿದು ಬಗ್ಗಿದರು. ಈಗ ಗುರುತು ಹಿಡಿಯುತ್ತಾರೆ, ತನ್ನ ಕೆಲಸ ತಾನಾಗೇ ಮುಗಿಯುತ್ತದೆ ಎಂದುಕೊಂಡಳು. ಹೆತ್ತವರಿಗೆ ಮಗುವಿನ ಗುರುತು ಸಿಗದೆ ಇರುತ್ತದೆಯೇ?

ಸಿಗಲಿಲ್ಲ. ಮಾವ ತಲೆಯೆತ್ತಿದಾಗ ಅವರ ಕಣ್ಣುಗಳು ಹೊಳೆಯುತ್ತಿದ್ದವು. ಚೀಟಿಯಲ್ಲಿ ಬರೆದರು: “ಎಂಥ ಕೈ! ಈ ಬೆಸುಗೆ ಸಾಮಾನ್ಯರದ್ದಲ್ಲ. ಇಂಥ ಕೆಲಸ ಮಾಡುವವರು ನನಗೆ ಗೊತ್ತಿದ್ದಂತೆ ಇಬ್ಬರು ಮೂವರಿದ್ದರೆ ಹೆಚ್ಚು.” ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದರು: “ಬ್ಯಾಟರಿಯನ್ನು ಕಿತ್ತುಕೊಂಡು ಹೋಗಿದ್ದಾರೆ. ಬಹಳ ಬುದ್ಧಿವಂತರು.”

ಬೇರೆ ದಿನವಾಗಿದ್ದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಇವತ್ತು ಅವಳು ಫೈಲಮ್ಮನ ಕಡೆ ನೋಡಿದಳು. ಅವರ ಕುರ್ಚಿ ಕೋಣೆಯ ನಡುವೆ ಸೀಟಿಲ್ಲದೆ ಅಸ್ಥಿಪಂಜರದಂತೆ ನಿಂತಿತ್ತು. ಅದರ ಪಕ್ಕದಲ್ಲಿ ಅವರು ನಿಂತಿದ್ದರು, ಕೈ ಕಟ್ಟಿಕೊಂಡು. ಒಂದು ಗಂಟೆ ಬಿಡದೆ ಮಾತಾಡಬಲ್ಲ ಆ ಬಾಯಿ ಬಿಗಿದುಕೊಂಡಿತ್ತು. ಕನ್ನಡಕದ ಒಳಗೆ ಕಣ್ಣು ಮಾತ್ರ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಓಡುತ್ತಿತ್ತು.

ವಕೀಲರು ಬರೆದ ಚೀಟಿ ಫೈಲಮ್ಮನ ಕೈಗೆ ಹೋಯಿತು: “ನಿಮ್ಮ ಕುರ್ಚಿ. ನಿಮ್ಮ ಕೀಲಿ. ಬೇರೆ ಯಾರು ಬರುತ್ತಾರೆ ಈ ಕೋಣೆಗೆ?”

ಫೈಲಮ್ಮ ಅದನ್ನು ಓದಿದರು. ಪೆನ್ನು ಇಸಿದುಕೊಂಡು, ಬೆರಳಿನ ರಬ್ಬರ್ ಟೋಪಿ ತೆಗೆಯದೆಯೇ ಬರೆದರು. ಅಕ್ಷರ ಅಡ್ಡಾದಿಡ್ಡಿ ಹೋಗಿತ್ತು. “ನನಗೆ ಇದು ಏನು ಅಂತಲೇ ಗೊತ್ತಿಲ್ಲ ಸಾರ್.”

ಹುಡುಗಿ ಗೋಡೆಗೆ ಮುಖ ಮಾಡಿ ತಾನೂ ಒಂದು ಚೀಟಿ ಬರೆದಳು. ಮೊದಲು “ಮಾವ, ಕ್ಷಮಿಸಿ” ಎಂದು ಶುರುಮಾಡಿದಳು. ಹರಿದಳು. “ಮಾವ, ಒಂದು ವಿಷಯ ಹೇಳಬೇಕಿತ್ತು” ಎಂದು ಬರೆದಳು. ಅದನ್ನೂ ಹರಿದಳು. ಮೂರನೆಯದರಲ್ಲಿ ನಡೆದದ್ದೆಲ್ಲವನ್ನೂ ಬರೆದಳು, ಮುತ್ತಿನಂಥ ಅಕ್ಷರದಲ್ಲಿ, ಎರಡೂ ಬದಿ, ಪೂರ್ಣವಿರಾಮ ಸಮೇತ. ಕಾರ್ಡಿನ ಮೇಲೆ ಅಚ್ಚಾಗಿದ್ದ ಸಾಲು ಕಣ್ಣ ಮುಂದೆ ಬಂತು. ಇದು ಹೊರಬಿದ್ದರೆ ಮಾವನ ಹದಿನೈದು ವರ್ಷದ ಹೆಸರು ಏನಾಗುತ್ತದೆ ಎನ್ನುವುದೂ ತಿಳಿದಿತ್ತು. ಆದರೂ ಮಾವನಿಗೆ ಕೊಟ್ಟಳು.

ಮಾವ ಕಪಾಟಿನ ಸಂದಿಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಚೀಟಿಯ ಉದ್ದ ನೋಡಿ, ತಲೆಯಾಡಿಸಿ, ಅದರ ಮೂಲೆಯಲ್ಲಿ “ಆಮೇಲೆ” ಎಂದು ಬರೆದರು. ಬಕೆಟ್ಟಿಗೆ ಹಾಕಿದರು. ಅವಳ ಅಷ್ಟೂ ಸತ್ಯ ನೀರಿನಲ್ಲಿ ಬಿಡಿಸಿಕೊಂಡು, ನೀಲಿಯಾಗಿ, ಮಾವನ ಬೆರಳಿನಲ್ಲಿ ಮುದ್ದೆಯಾಯಿತು.

ಬರೆಯಬಹುದಾಗಿದ್ದದ್ದು ಬರೆದಾಗಿತ್ತು.

ವಕೀಲರು ಕೊನೆಯ ಚೀಟಿ ಬರೆದರು. ಇದರಲ್ಲಿ ಗೆರೆಗಳಿರಲಿಲ್ಲ. ಅದಕ್ಕೇ ಇನ್ನಷ್ಟು ಭಯವಾಗುವಂತಿತ್ತು. “ಕೀಲಿ ಇಟ್ಟು ಹೋಗಿ. ನಾಳೆಯಿಂದ ಬರಬೇಡಿ.”

ಫೈಲಮ್ಮ ಅದನ್ನು ಎರಡು ಸಲ ಓದಿದರು. ಇಪ್ಪತ್ತೆರಡು ವರ್ಷ ಫೈಲು ಓದಿದವರಿಗೆ ಎರಡು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ಸೊಂಟಕ್ಕೆ ಕೈ ಹಾಕಿ ಕೀಲಿ ಗೊಂಚಲು ಬಿಚ್ಚತೊಡಗಿದರು. ಕೊಕ್ಕೆ ಸುಲಭಕ್ಕೆ ಬರಲಿಲ್ಲ. ಅಷ್ಟು ವರ್ಷ ಬಿಚ್ಚಿರಲಿಲ್ಲವೋ ಏನೋ. ಅವರು ಎಳೆದಷ್ಟೂ ಕೀಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸದ್ದು ಮಾಡಬಾರದೆಂಬ ನಿಯಮ ನೆನಪಾಗಿ ಅವರು ಇನ್ನೊಂದು ಕೈಯಿಂದ ಗೊಂಚಲನ್ನು ಅಪ್ಪಿ ಹಿಡಿದು, ಕ್ಷಮೆ ಕೇಳುವಂತೆ ಮಾವನ ಕಡೆ ನೋಡಿದರು.

ಕಳ್ಳಿ ಎನ್ನಿಸಿಕೊಂಡು ಹೊರಡುವಾಗಲೂ ಸದ್ದು ಮಾಡಬಾರದು ಎಂದು ಹೆದರುತ್ತಿದ್ದರು ಆ ಹೆಂಗಸು.

ಅವಳು ಹೋಗಿ ಫೈಲಮ್ಮನ ಕೈಯ ಮೇಲೆ ಕೈ ಇಟ್ಟಳು. ಕೊಕ್ಕೆ ಬಿಚ್ಚುವುದು ನಿಂತಿತು. ಮಾವ ಟಾರ್ಚಿನೊಂದಿಗೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ವಕೀಲರು, ಈ ಹುಡುಗಿಯದ್ದೇನು ನಡುವೆ ಎಂಬಂತೆ ಹುಬ್ಬು ಗಂಟಿಕ್ಕಿದರು.  ಅವಳು ಒಂದು ಸಲ ಕೆಮ್ಮಿದಳು. ಆ ಕೆಮ್ಮೇ ಅವಳಿಗೆ ಕಿವಿಗಡಚಿಕ್ಕುವಷ್ಟು ಜೋರಾಗಿ ಕೇಳಿಸಿತು.

“ಇದು ಕಳ್ಳರದ್ದಲ್ಲ” ಎಂದಳು.

ಮಾವನ ಬೆರಳು ತುಟಿಯ ಮೇಲೇ ಉಳಿಯಿತು. ಅವಳ ದನಿಯನ್ನು ಅಷ್ಟು ದೊಡ್ಡದಾಗಿ ಅವರು ಕೇಳಿದ್ದು ಇದೇ ಮೊದಲು. ವಕೀಲರು ನಿಯಮ ಮರೆತು “ಏನಂದ್ರಿ?” ಎಂದು ಕೂಗಿಬಿಟ್ಟರು.

ಅವಳು ವಕೀಲರ ಕಡೆ ನೋಡಲಿಲ್ಲ. ಹಾಳೆಯ ಮೇಲಿನ ಹುಳದ ಕಡೆಯೂ ನೋಡಲಿಲ್ಲ. ಮಾವನ ಕಣ್ಣಿಗೆ ಕಣ್ಣು ಕೊಟ್ಟು, ಕಾಲೇಜಿನ ಹಿಂದಿನ ಬೆಂಚಿಗೂ ಮುಟ್ಟುವಂತೆ ಹೇಳಿದಳು:

“ಇದು ನೀವಿಟ್ಟಿದ್ದು ಮಾವ. ಅವತ್ತು ನನಗೆ ಸಿಗಲಿಲ್ಲ.”